ಎಲೆ ಬಣ್ಣ ತಿರುಗುವ ಕಾಲಕ್ಕೆ ನ್ಯೂ ಇಂಗ್ಲೆಂಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಈಶಾನ್ಯ ಮೂಲೆಯ ಆರು ರಾಜ್ಯಗಳನ್ನು ಸೇರಿಸಿ ನ್ಯೂ ಇಂಗ್ಲೆಂಡ್ ಎನ್ನುತ್ತಾರೆ: ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮ್ಯಾಸಚೂಸೆಟ್ಸ್, ರೋಡ್ ಐಲ್ಯಾಂಡ್, ಕನೆಕ್ಟಿಕಟ್. ಅಲ್ಲಿ ‘ಫಾಲ್ ಕಲರ್’, ಅಂದರೆ ಚಳಿಗಾಲಕ್ಕೆ ಮೊದಲು ಎಲೆಗಳು ತಿರುಗುವ ಬಣ್ಣ, ನೋಡುತ್ತಾ, ದಾರಿಯಲ್ಲಿ ಸಿಗುವ ಚರಿತ್ರೆಯ ಜಾಗಗಳಿಗೂ ಹೋಗಿಬರುವ ಕಾರು ಪ್ರವಾಸದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರ.

ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ವಿಮಾನದ ಟಿಕೆಟ್ ಈಗಲೇ ಮಾಡಿಸಬೇಕು. ಎಲೆ ಬಣ್ಣ ಯಾವ ತಾರೀಖಿಗೆ ಚೆನ್ನಾಗಿರುತ್ತದೆ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. (ಮೈಸೂರು)

ಒಬ್ಬೊಬ್ಬರು ನೋಡಿದ ಊರು ಬೇರೆ, ಅದಕ್ಕೇ ಹೇಳುವ ತಾರೀಖೂ ಬೇರೆ. ಬಣ್ಣ ಉತ್ತರದಿಂದ ದಕ್ಷಿಣಕ್ಕೂ ಬೆಟ್ಟದ ತುದಿಯಿಂದ ಕಣಿವೆಗೂ ಇಳಿಯುತ್ತಾ ಬರುತ್ತದೆ. ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮೇನ್ ರಾಜ್ಯಗಳ ಉತ್ತರದ ತುದಿಯಲ್ಲಿ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ ಬಣ್ಣ ತುಂಬಿರುತ್ತದೆ. ನ್ಯೂ ಹ್ಯಾಂಪ್‌ಶೈರಿನ ವೈಟ್ ಮೌಂಟನ್ಸ್ ಬೆಟ್ಟಸಾಲು ಮತ್ತು ಮಧ್ಯ ವರ್ಮಾಂಟಿನಲ್ಲಿ ಅಕ್ಟೋಬರಿನ ಮೊದಲ ಹತ್ತು ಹನ್ನೆರಡು ದಿನ, ದಕ್ಷಿಣ ವರ್ಮಾಂಟ್ ಹಾಗೂ ಪಶ್ಚಿಮ ಮ್ಯಾಸಚೂಸೆಟ್ಸಿನ ಬೆಟ್ಟಗಳಲ್ಲಿ ತಿಂಗಳ ನಡುಭಾಗ, ಬಾಸ್ಟನ್ ಸುತ್ತಮುತ್ತ ಮೂರನೆಯ ನಾಲ್ಕನೆಯ ವಾರ. ದಕ್ಷಿಣದ ಕರಾವಳಿಯಲ್ಲಿ ನವೆಂಬರ್ ಮೊದಲ ವಾರದಲ್ಲೂ ಓಕ್ ಮರಗಳ ಕಂದುಗೆಂಪು ಉಳಿದಿರುತ್ತದೆ. ಎಲ್ಲವೂ ವರ್ಷದ ಹವೆಯ ಮೇಲೆ ಒಂದು ವಾರ ಆಚೀಚೆ ಆಗಬಹುದು.

ಆದ್ದರಿಂದ ತಾರೀಖಿಗಿಂತ ದಿಕ್ಕು ಮುಖ್ಯ. ಮೊದಲು ನೇರವಾಗಿ ಉತ್ತರಕ್ಕೆ ಹೋಗಿ, ಅಲ್ಲಿಂದ ದಿನದಿನಕ್ಕೆ ದಕ್ಷಿಣಕ್ಕೆ ಇಳಿಯುತ್ತಾ ಬನ್ನಿ. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ವಿಮಾನ ಇಳಿದದ್ದೇ ಬಾಸ್ಟನ್ನಿನಲ್ಲಿ ನಾಲ್ಕು ದಿನ ಮ್ಯೂಸಿಯಂ, ಸ್ಮಾರಕ ನೋಡುತ್ತಾರೆ, ಆಗ ಅಲ್ಲಿನ ಮರಗಳೆಲ್ಲ ಇನ್ನೂ ಹಸಿರು. ಆಮೇಲೆ ಉತ್ತರಕ್ಕೆ ಹೊರಟರೆ ಬೆಟ್ಟದ ಮೇಲೆ ಬರೀ ಕೊಂಬೆ. ಎರಡೂ ಕಡೆ ನಷ್ಟ.

ಇನ್ನೊಂದು ಎಚ್ಚರಿಕೆ. ಅಕ್ಟೋಬರ್ ಎರಡನೆಯ ಸೋಮವಾರ ಕೊಲಂಬಸ್ ಡೇ ರಜೆ. ಆ ಶನಿವಾರ, ಭಾನುವಾರ, ಸೋಮವಾರ ಬೆಟ್ಟದ ರಸ್ತೆಗಳಲ್ಲಿ ಕಾರುಗಳು ತೆವಳುತ್ತವೆ, ಹೋಟೆಲುಗಳು ಕಡಿಮೆಯೆಂದರೆ ಎರಡು ರಾತ್ರಿಯ ಬಾಡಿಗೆ ಕೇಳುತ್ತವೆ. ಅದಕ್ಕೆ ಮುಂಚಿನ ವಾರದ ಸೋಮವಾರದಿಂದ ಗುರುವಾರದವರೆಗೆ ಉತ್ತರದಲ್ಲಿರುವಂತೆ ಲೆಕ್ಕ ಹಾಕಿ. ರೂಮುಗಳನ್ನು ಮೂರು ನಾಲ್ಕು ತಿಂಗಳು ಮೊದಲೇ ಕಾಯ್ದಿರಿಸಿ, ಆದರೆ ರದ್ದು ಮಾಡಿದರೆ ಹಣ ವಾಪಸಾಗುವ ದರವನ್ನೇ ಆರಿಸಿಕೊಳ್ಳಿ. ಹೊರಡುವ ಮೂರು ದಿನ ಮೊದಲು ಆಯಾ ರಾಜ್ಯದ ಪ್ರವಾಸೋದ್ಯಮ ಇಲಾಖೆ ವಾರವಾರ ಪ್ರಕಟಿಸುವ ಎಲೆ ವರದಿ ನೋಡಿ. ಅದಕ್ಕಿಂತಲೂ ನಂಬಬಹುದಾದದ್ದು ಸ್ಕೀ ರೆಸಾರ್ಟುಗಳು ಬೆಟ್ಟದ ಮೇಲೆ ಇಟ್ಟಿರುವ ವೆಬ್‌ಕ್ಯಾಮೆರಾ.

ಅಲ್ಲಿ ಎಲೆ ಅಷ್ಟು ಕೆಂಪಾಗಲು ಕಾರಣವೇನು? ನಮ್ಮ ತೇಗ ಎಲೆ ಉದುರಿಸುವಾಗ ಹಾಗೇಕೆ ಆಗುವುದಿಲ್ಲ? (ಶಿವಮೊಗ್ಗ)

ತೇಗ ಎಲೆ ಉದುರಿಸುವುದು ಬೇಸಿಗೆಯ ನೀರಿನ ಕೊರತೆಗೆ. ಅಲ್ಲಿನ ಮೇಪಲ್, ಬರ್ಚ್, ಬೀಚ್ ಮರಗಳು ಉದುರಿಸುವುದು ಹಗಲು ಗಿಡ್ಡವಾಗಿ ಚಳಿ ಬಂದಾಗ. ಹಗಲು ಕಡಿಮೆಯಾದಂತೆ ಎಲೆ ಹೊಸ ಪತ್ರಹರಿತ್ತು ಮಾಡುವುದನ್ನು ನಿಲ್ಲಿಸುತ್ತದೆ. ಇದ್ದದ್ದು ಕರಗಿದಾಗ ಅಡಿಯಲ್ಲಿ ಮೊದಲಿನಿಂದಲೂ ಇದ್ದ ಕ್ಯಾರೊಟಿನಾಯ್ಡ್ ಹಳದಿ ಕಾಣುತ್ತದೆ. ಬರ್ಚ್, ಆಸ್ಪೆನ್ ಹಳದಿ ಹೀಗೆ ಬಂದದ್ದು. ಕೆಂಪಿನ ಕಥೆ ಬೇರೆ. ತೊಟ್ಟಿನ ಬುಡದಲ್ಲಿ ಬಿರಡೆಯಂಥ ಪದರ ಬೆಳೆದು, ಎಲೆಯಲ್ಲಿ ತಯಾರಾದ ಸಕ್ಕರೆ ಮರಕ್ಕೆ ಇಳಿಯುವುದು ನಿಧಾನವಾಗುತ್ತದೆ. ಆ ಸಕ್ಕರೆ ಮತ್ತು ಬಿಸಿಲು ಸೇರಿ ಆಂಥೊಸಯನಿನ್ ಎಂಬ ಕೆಂಪು ಬಣ್ಣ ಆಗ ಹೊಸದಾಗಿ ಹುಟ್ಟುತ್ತದೆ. ನಮ್ಮ ಮಾವಿನ ಚಿಗುರಿನ ಕೆಂಪೂ ಇದೇ ಬಣ್ಣ.

ಹಗಲು ಒಳ್ಳೆಯ ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಇದ್ದ ವರ್ಷ ಕೆಂಪು ಹೊಳೆಯುತ್ತದೆ. ಮೋಡ ಕವಿದ, ಬೆಚ್ಚಗಿನ ಸೆಪ್ಟೆಂಬರ್ ಆದರೆ ಮಂಕು. ಬೇಸಿಗೆಯಲ್ಲಿ ಬರ ಬಿದ್ದರೆ ಎಲೆ ಬೇಗ ಉದುರುತ್ತದೆ, ಮಳೆ ಅತಿಯಾದರೆ ಶಿಲೀಂಧ್ರ ತಗುಲಿ ಮೇಪಲ್ ಎಲೆ ಬಣ್ಣ ತಿರುಗುವ ಮೊದಲೇ ಕಂದುಚುಕ್ಕೆ ಹಿಡಿದು ಮುದುಡುತ್ತದೆ. ಎಲ್ಲಕ್ಕಿಂತ ಮೊದಲು ಬಣ್ಣ ಬರುವುದು ಜೌಗು ನೆಲದ ಕೆಂಪು ಮೇಪಲಿಗೆ. ಸೆಪ್ಟೆಂಬರ್ ನಡುವೆಯೇ ಹಸಿರು ಕಾಡಿನ ಮಧ್ಯೆ ಕೆರೆಯಂಚಿನಲ್ಲಿ ಕೆಂಪು ಪಟ್ಟಿ ಕಂಡರೆ ಅದೇ. ಬೆಟ್ಟಗಳಿಗೆ ಕಿತ್ತಳೆಗೆಂಪು ಕೊಡುವುದು ಅದರ ಹಿಂದೆಯೇ ಬರುವ ಸಕ್ಕರೆ ಮೇಪಲ್.

ಎಂಟು ದಿನ ಇದೆ. ಎಲೆ ಬಣ್ಣ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಜಾಗಗಳು ಎರಡೂ ಬೇಕು. ಬಾಸ್ಟನ್ನಿನಲ್ಲಿ ಇಳಿದು ಕಾರು ಬಾಡಿಗೆಗೆ ತೆಗೆದುಕೊಳ್ಳುತ್ತೇವೆ. ದಾರಿ ಹೇಳಿ. (ಡಾಲಸ್‌ನಲ್ಲಿರುವ ಕನ್ನಡಿಗ ದಂಪತಿ)

ದಿನಕ್ಕೆ 120–130 ಮೈಲಿಗಿಂತ ಹೆಚ್ಚು ಓಡಿಸದಂತೆ ಹಾಕಿದ ದಾರಿ ಇದು. ನಕ್ಷೆ ಮೂರು ಗಂಟೆ ಎಂದರೆ, ನಿಂತು ನೋಡುವವರಿಗೆ ಅದು ಆರು ಗಂಟೆ. ಅಕ್ಟೋಬರ್ ನಡುವೆ ಸಂಜೆ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ.

ಮೊದಲ ದಿನ ಐ–93 ಹೆದ್ದಾರಿ ಹಿಡಿದು ನ್ಯೂ ಹ್ಯಾಂಪ್‌ಶೈರಿನ ಲಿಂಕನ್ ಊರಿಗೆ. ಸುಮಾರು 130 ಮೈಲಿ. ಎರಡನೆಯ ದಿನ ಪೂರ್ತಿ ಕ್ಯಾಂಕಮೇಗಸ್ ಹೆದ್ದಾರಿಗೆ ಇಡಿ, ಅದರ ವಿವರ ಮುಂದೆ ಇದೆ. ಮೂರನೆಯ ದಿನ ಫ್ರಾಂಕೋನಿಯಾ ನಾಚ್ ಕಣಿವೆ ನೋಡಿಕೊಂಡು ವರ್ಮಾಂಟಿನ ಸ್ಟೋ ಊರಿಗೆ, ಸುಮಾರು 100 ಮೈಲಿ. ಅಲ್ಲಿ ಎರಡು ರಾತ್ರಿ. ಸ್ಟೋ ಪಕ್ಕದ ಸ್ಮಗ್ಲರ್ಸ್ ನಾಚ್ ರಸ್ತೆ (ಮಾರ್ಗ 108) ಬಂಡೆಗಳ ನಡುವೆ ಒಂದು ಕಾರು ನುಸುಳುವಷ್ಟೇ ಜಾಗದಲ್ಲಿ ಸುತ್ತುತ್ತದೆ. ಕಾರಿಗೆ ತೊಂದರೆಯಿಲ್ಲ, ಉದ್ದನೆಯ ವಾಹನಗಳಿಗೆ ಪ್ರವೇಶವಿಲ್ಲ, ಹಿಮ ಬಿದ್ದರೆ ಮುಚ್ಚುತ್ತಾರೆ.

ಐದನೆಯ ದಿನ ಮಾರ್ಗ 100ರಲ್ಲಿ ದಕ್ಷಿಣಕ್ಕೆ ಇಳಿದು ವುಡ್‌ಸ್ಟಾಕ್. ವರ್ಮಾಂಟಿನಲ್ಲಿ ರಸ್ತೆಬದಿಯ ಜಾಹೀರಾತು ಫಲಕಗಳನ್ನು 1968ರಲ್ಲೇ ಕಾನೂನು ಮಾಡಿ ನಿಷೇಧಿಸಿದ್ದಾರೆ. ಬೆಟ್ಟಕ್ಕೂ ನಿಮಗೂ ನಡುವೆ ಏನೂ ಅಡ್ಡ ಬರದಿರುವುದು ಈ ರಸ್ತೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ದಾರಿಯಿಂದ ತುಸು ಒಳಗೆ, ಮಾರ್ಗ 100ಎ ಮೇಲೆ, ಪ್ಲಿಮತ್ ನಾಚ್ ಎಂಬ ಹಳ್ಳಿ. ಅಧ್ಯಕ್ಷ ಹಾರ್ಡಿಂಗ್ ತೀರಿಕೊಂಡ ಸುದ್ದಿ ಬಂದ ರಾತ್ರಿ, 1923ರ ಆಗಸ್ಟ್ 3ರ ನಸುಕಿನ 2 ಗಂಟೆ 47 ನಿಮಿಷಕ್ಕೆ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ, ಆಗ ಉಪಾಧ್ಯಕ್ಷರಾಗಿದ್ದ ಕ್ಯಾಲ್ವಿನ್ ಕೂಲಿಜ್ ಅವರಿಗೆ ಅಧ್ಯಕ್ಷ ಪದವಿಯ ಪ್ರಮಾಣವಚನ ಬೋಧಿಸಿದ್ದು ಅವರ ತಂದೆಯೇ. ಆ ಮನೆಯನ್ನು, ಸುತ್ತಲ ಹಳ್ಳಿಯನ್ನು ಹಾಗೇ ಉಳಿಸಿದ್ದಾರೆ. ಅಕ್ಟೋಬರ್ ನಡುವೆ ಋತು ಮುಗಿಸಿ ಬಾಗಿಲು ಹಾಕುತ್ತಾರೆ, ದಿನ ನೋಡಿಕೊಂಡು ಹೋಗಿ.

ವುಡ್‌ಸ್ಟಾಕ್‌ನಿಂದ ಅರ್ಧ ಗಂಟೆಯ ಆಸುಪಾಸಿನಲ್ಲಿ ಕಾರ್ನಿಶ್–ವಿಂಡ್ಸರ್ ಸೇತುವೆ. ಮೇಲೆ ಮಾಡು, ಪಕ್ಕಕ್ಕೆ ಗೋಡೆ ಇರುವ ಮರದ ಸೇತುವೆ, 1866ರಲ್ಲಿ ಕಟ್ಟಿದ್ದು, 449 ಅಡಿ ಉದ್ದ. ಕನೆಕ್ಟಿಕಟ್ ನದಿಯ ಮೇಲೆ ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ಎರಡು ರಾಜ್ಯಗಳನ್ನು ಜೋಡಿಸುತ್ತದೆ. ಭಾರ ಹೊರುವ ತೊಲೆಗಳು ಮಳೆ ಹಿಮಕ್ಕೆ ಕೊಳೆಯದಿರಲಿ ಎಂದೇ ಈ ಮಾಡು. ಕುದುರೆಗಳನ್ನು ನಡೆಸಿಕೊಂಡು ಹೋಗಿ, ಇಲ್ಲವಾದರೆ ಎರಡು ಡಾಲರ್ ದಂಡ ಎಂಬ ಫಲಕ ಬಾಗಿಲ ನೆತ್ತಿಯ ಮೇಲೆ ಈಗಲೂ ಇದೆ. ಇಂಥ ಸೇತುವೆಗಳ ಬಾಯಿಯಲ್ಲಿ ಎತ್ತರ ಮತ್ತು ತೂಕದ ಮಿತಿ ಬರೆದಿರುತ್ತದೆ. ಕಾರಿನ ಮೇಲೆ ಲಗೇಜ್ ಕಟ್ಟಿದ್ದರೆ ಓದದೆ ನುಗ್ಗಬೇಡಿ.

ಆರನೆಯ ದಿನ ಬೆನಿಂಗ್ಟನ್. 1777ರ ಆಗಸ್ಟ್ 16ರ ಯುದ್ಧದ ನೆನಪಿಗೆ ಎತ್ತಿದ 306 ಅಡಿಯ ಕಲ್ಲಿನ ಗೋಪುರವಿದೆ. ಬ್ರಿಟಿಷರ ಕಡೆಯವರು ಲೂಟಿಗೆ ಬಂದದ್ದು ಇಲ್ಲಿದ್ದ ಉಗ್ರಾಣಕ್ಕೆ, ಕಾಳಗ ನಡೆದದ್ದು ಮಾತ್ರ ಕೆಲವು ಮೈಲಿ ಪಶ್ಚಿಮಕ್ಕೆ, ಈಗಿನ ನ್ಯೂಯಾರ್ಕ್ ರಾಜ್ಯದ ನೆಲದಲ್ಲಿ.

ಏಳನೆಯ ದಿನದ್ದು ಇಡೀ ಪ್ರವಾಸದ ಒಳ್ಳೆಯ ದಾರಿ. ಬೆನಿಂಗ್ಟನ್ನಿನಿಂದ ಮ್ಯಾಸಚೂಸೆಟ್ಸಿನ ನಾರ್ತ್ ಆಡಮ್ಸ್‌ಗೆ ಇಳಿದು ಮಾರ್ಗ 2 ಹಿಡಿಯಿರಿ. 1914ರಲ್ಲಿ ಮೊಹಾಕ್ ಟ್ರೇಲ್ ಎಂದು ತೆರೆದ ರಸ್ತೆ ಇದು. ಊರು ದಾಟುತ್ತಲೇ ಬರುವ ಹೇರ್‌ಪಿನ್ ತಿರುವಿನಲ್ಲಿ ಕಾರು ನಿಲ್ಲಿಸಿದರೆ ಕೆಳಗಿನ ಕಣಿವೆ ಪೂರ್ತಿ ಕಾಣುತ್ತದೆ. ಇದೇ ಮಾರ್ಗ 2 ಪೂರ್ವಕ್ಕೆ ಓಡಿ ಕಾಂಕಾರ್ಡ್ ಮುಟ್ಟುತ್ತದೆ, ಲೇಖಕ ಥೋರೋ 1845ರಿಂದ 1847ರವರೆಗೆ ಗುಡಿಸಲು ಕಟ್ಟಿಕೊಂಡಿದ್ದ ವಾಲ್ಡನ್ ಕೊಳದ ಪಕ್ಕದಲ್ಲೇ ಹಾಯುತ್ತದೆ. ಎಲೆ ಮತ್ತು ಚರಿತ್ರೆ ಎರಡಕ್ಕೂ ಒಂದೇ ರಸ್ತೆ ಸಾಕಾಗುವುದು ಇಲ್ಲಿ. ವಾಲ್ಡನ್ನಿನಲ್ಲಿ ಹೊರರಾಜ್ಯದ ನಂಬರ್ ಪ್ಲೇಟಿಗೆ ಪಾರ್ಕಿಂಗ್ ದರ ಹಲವು ಪಟ್ಟು ಹೆಚ್ಚು, ಬಾಡಿಗೆ ಕಾರಿಗೂ ಪ್ಲೇಟ್ ನೋಡಿಯೇ ಹಣ ಕೇಳುತ್ತಾರೆ. ಜಾಗ ತುಂಬಿದರೆ ಗೇಟು ಹಾಕುತ್ತಾರೆ, ಬೆಳಿಗ್ಗೆಯೇ ಹೋಗಿ.

ಎಂಟನೆಯ ದಿನ ಮಿನಿಟ್ ಮ್ಯಾನ್ ರಾಷ್ಟ್ರೀಯ ಚಾರಿತ್ರಿಕ ಉದ್ಯಾನ, ಪ್ರವೇಶ ಉಚಿತ. ಸ್ವಾತಂತ್ರ್ಯ ಯುದ್ಧ ಶುರುವಾದ 1775ರ ಏಪ್ರಿಲ್ 19ರ ಬೆಳಗಿನ ಕ್ರಮದಲ್ಲೇ ನೋಡಬೇಕೆಂದರೆ ಮೊದಲು ಲೆಕ್ಸಿಂಗ್ಟನ್ ಬಯಲು, ಆಮೇಲೆ ಕಾಂಕಾರ್ಡಿನ ನಾರ್ತ್ ಬ್ರಿಜ್. ಲೆಕ್ಸಿಂಗ್ಟನ್ನಿನಲ್ಲಿ ಎಂಟು ಮಂದಿ ಸ್ಥಳೀಯರು ಗುಂಡಿಗೆ ಬಿದ್ದರು. ಕೆಲವೇ ಗಂಟೆಗಳ ಮೇಲೆ ಸೇತುವೆಯ ಬಳಿ ಬ್ರಿಟಿಷ್ ಸೈನಿಕರ ಮೇಲೆ ಗುಂಡು ಹಾರಿಸಲು ಮೊದಲ ಬಾರಿ ಆಜ್ಞೆಯಾಯಿತು. ಸೈನ್ಯ ಬಾಸ್ಟನ್ನಿಗೆ ಹಿಮ್ಮೆಟ್ಟಿದ ದಾರಿಯಲ್ಲಿ ಐದು ಮೈಲಿ ಕಾಲುದಾರಿ ಇದೆ. ಎರಡೂ ಬದಿ ಹಳೆಯ ಕಲ್ಲುಗೋಡೆ, ಮೇಪಲ್. ಈ ಒಂದು ನಡಿಗೆಯನ್ನು ಬಿಡಬೇಡಿ. ಸಂಜೆ ಕಾರು ವಾಪಸು ಕೊಟ್ಟುಬಿಡಿ. ಬಾಸ್ಟನ್ ನಗರವನ್ನು ಕಾರಿನಲ್ಲಿ ನೋಡುವುದು ವ್ಯರ್ಥ. ಫ್ರೀಡಂ ಟ್ರೇಲ್ ಎಂಬ ಎರಡೂವರೆ ಮೈಲಿಯ ಕೆಂಪು ಗೆರೆಯನ್ನು ಹಿಡಿದು ನಡೆದರೆ 16 ಜಾಗಗಳು ಸಿಗುತ್ತವೆ.

ಭಾರತದ ಡಿಎಲ್ ಇಟ್ಟುಕೊಂಡು ನಾನೇ ಓಡಿಸಬಹುದೇ? ಟೋಲ್, ಪೆಟ್ರೋಲ್ ಹೇಗೆ? (ಹುಬ್ಬಳ್ಳಿ)

ಓಡಿಸಬಹುದು. ಮೂಲ ಡಿಎಲ್ ಜೊತೆಗೆ ನಿಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಪಾಸ್‌ಪೋರ್ಟ್, ವೀಸಾ ತೋರಿಸಬೇಕು, ಒಂದು ವರ್ಷ ಚಲಾವಣೆಯಲ್ಲಿರುತ್ತದೆ. ಅದೊಂದೇ ಇದ್ದರೆ ಸಾಲದು, ಮೂಲ ಡಿಎಲ್ ಕೈಯಲ್ಲಿರಲೇಬೇಕು. ಕೌಂಟರಿನಲ್ಲಿ ಮುಖ್ಯ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಸ್ಟಿಯರಿಂಗ್ ಹಿಡಿಯುವವರೆಲ್ಲರ ಹೆಸರೂ ಕರಾರಿನಲ್ಲಿ ಇರಬೇಕು. ಮಗ ತೆಗೆದುಕೊಂಡ ಕಾರನ್ನು ಹೆಸರು ಸೇರಿಸದೆ ಅಪ್ಪ ಓಡಿಸಿ ಎಲ್ಲಾದರೂ ತಗುಲಿಸಿದರೆ ವಿಮೆ ಕೈಕೊಡುತ್ತದೆ. ಭಾರತದಿಂದ ಹೋದವರಿಗೆ ಅಲ್ಲಿ ಸ್ವಂತ ವಾಹನ ವಿಮೆ ಇರುವುದಿಲ್ಲವಾದ್ದರಿಂದ, ಎದುರಿನವರಿಗೆ ಆಗುವ ನಷ್ಟ ಭರಿಸುವ ಹೆಚ್ಚುವರಿ ವಿಮೆಯನ್ನು ಹಣ ನೋಡದೆ ತೆಗೆದುಕೊಳ್ಳಿ.

ಮ್ಯಾಸಚೂಸೆಟ್ಸ್ ಟರ್ನ್‌ಪೈಕ್ ಎಂಬ ಟೋಲ್ ಹೆದ್ದಾರಿಯಲ್ಲಿ 2016ರಿಂದ ಟೋಲ್ ಬೂತುಗಳೇ ಇಲ್ಲ. ಮೇಲಿನ ಕ್ಯಾಮೆರಾ ನಂಬರ್ ಹಿಡಿಯುತ್ತದೆ, ಬಿಲ್ಲು ಬಾಡಿಗೆ ಕಂಪನಿಗೆ ಹೋಗಿ ಅವರ ಸೇವಾಶುಲ್ಕ ಸೇರಿ ನಿಮ್ಮ ಕಾರ್ಡಿಗೆ ಬರುತ್ತದೆ. ಆ ಶುಲ್ಕ ದಿನಕ್ಕೆಷ್ಟು ಎಂದು ಮೊದಲೇ ಕೇಳಿ. ನ್ಯೂ ಹ್ಯಾಂಪ್‌ಶೈರಿನಲ್ಲೂ ಟೋಲ್ ಇದೆ, ವರ್ಮಾಂಟಿನ ಹೆದ್ದಾರಿಗಳಲ್ಲಿ ಇಲ್ಲ. ಪೆಟ್ರೋಲ್ ನೀವೇ ಹಾಕಿಕೊಳ್ಳಬೇಕು, ಗ್ಯಾಲನ್ ಎಂದರೆ 3.8 ಲೀಟರ್. ಪಂಪಿನ ಯಂತ್ರ ಕಾರ್ಡಿಗೆ ಅಮೆರಿಕದ ಪಿನ್‌ಕೋಡ್ ಕೇಳಿ ನಮ್ಮ ಕಾರ್ಡನ್ನು ತಿರಸ್ಕರಿಸುವುದುಂಟು. ಗಾಬರಿ ಬೇಡ. ಒಳಗಿನ ಅಂಗಡಿಗೆ ಹೋಗಿ ಪಂಪ್ ನಂಬರ್ ಹೇಳಿ, 40 ಡಾಲರ್ ಮುಂಗಡ ಕೊಡಿ, ಕಡಿಮೆ ತುಂಬಿದರೆ ಉಳಿಕೆ ವಾಪಸು ಬರುತ್ತದೆ.

ಬಲಕ್ಕೆ ಓಡಿಸುವ ಅಭ್ಯಾಸ ನೇರ ರಸ್ತೆಯಲ್ಲಿ ಅರ್ಧ ಗಂಟೆಗೆ ಬಂದುಬಿಡುತ್ತದೆ. ತಪ್ಪುವುದು ಎಡಕ್ಕೆ ತಿರುಗುವಾಗ ಮತ್ತು ಖಾಲಿ ಪಾರ್ಕಿಂಗಿನಿಂದ ಹೊರಬರುವಾಗ. ಸರ್ಕಲ್ಲಿನಲ್ಲಿ ಒಳಗಿರುವವರಿಗೆ ದಾರಿ ಬಿಡಬೇಕು. ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತಿತೆಂದರೆ ಹಿಂದಿನವರೂ ಎದುರಿನಿಂದ ಬರುವವರೂ ನಿಲ್ಲಲೇಬೇಕು. ಹಳ್ಳಿ ಬಂದಾಗ 50 ಮೈಲಿಯ ಮಿತಿ ಏಕಾಏಕಿ 30ಕ್ಕೋ 25ಕ್ಕೋ ಇಳಿಯುತ್ತದೆ, ಪೊಲೀಸರು ಕಾದಿರುವುದೂ ಅಲ್ಲೇ. ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಮ್ಯಾಸಚೂಸೆಟ್ಸಿನಲ್ಲಿ ಮಕ್ಕಳ ಸೀಟು ಕಡ್ಡಾಯ, ಎತ್ತರ 57 ಇಂಚು ದಾಟಿದ್ದರೆ ಮಾತ್ರ ವಿನಾಯಿತಿ.

ಕ್ಯಾಂಕಮೇಗಸ್ ಮತ್ತು ಮೌಂಟ್ ವಾಷಿಂಗ್ಟನ್ ರಸ್ತೆಗಳು ಕಷ್ಟವೇ? ಆಗುಂಬೆ, ಚಾರ್ಮಾಡಿ ಘಾಟಿ ಓಡಿಸಿ ಗೊತ್ತು. (ಉಡುಪಿ)

ಹಾಗಿದ್ದರೆ ಕ್ಯಾಂಕಮೇಗಸ್ ನಿಮಗೆ ಸುಲಭ. ಲಿಂಕನ್ನಿನಿಂದ ಕಾನ್‌ವೇವರೆಗೆ ಸುಮಾರು 34 ಮೈಲಿ, ಏರಿನ ತುದಿ 2,855 ಅಡಿ. ತೊಂದರೆ ಇರುವುದು ಬೇರೆಡೆ. ನಡುವೆ ಒಂದೂ ಪೆಟ್ರೋಲ್ ಬಂಕ್ ಇಲ್ಲ, ಊಟದ ಹೋಟೆಲ್ ಇಲ್ಲ, ಬಹುಪಾಲು ಫೋನ್ ಸಿಗ್ನಲ್ ಇಲ್ಲ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ, ಟ್ಯಾಂಕ್ ತುಂಬಿಸಿ, ಬುತ್ತಿ ಕಟ್ಟಿಕೊಳ್ಳಿ. ನಿಲ್ದಾಣಗಳ ಶೌಚಾಲಯದಲ್ಲಿ ಗುಂಡಿ ಮಾತ್ರ, ನೀರಿನ ನಲ್ಲಿ ಇರುವುದಿಲ್ಲ. ಎರಡು ಬಾಟಲಿ ನೀರು ಕಾರಿನಲ್ಲೇ ಇರಲಿ. ಕೆಲವು ಕಡೆ ಅರಣ್ಯ ಇಲಾಖೆಯ ಪಾರ್ಕಿಂಗ್ ಶುಲ್ಕವನ್ನು ಲಕೋಟೆಯಲ್ಲಿಟ್ಟು ಪೆಟ್ಟಿಗೆಗೆ ಹಾಕಬೇಕು, ಚಿಲ್ಲರೆ ನೋಟು ಇಟ್ಟುಕೊಳ್ಳಿ. ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ಹೊರಟರೆ ಹ್ಯಾನ್‌ಕಾಕ್ ನೋಟದ ಜಾಗ, ಸಬಡೇ ಜಲಪಾತ, ರಾಕಿ ಗಾರ್ಜ್, 1858ರ ಆಲ್ಬನಿ ಸೇತುವೆ ಎಲ್ಲಕ್ಕೂ ನಿಲ್ಲಲು ಜಾಗ ಸಿಗುತ್ತದೆ. ಹನ್ನೊಂದರ ಮೇಲೆ ಸಿಗುವುದಿಲ್ಲ.

ಮೌಂಟ್ ವಾಷಿಂಗ್ಟನ್ 6,288 ಅಡಿ. 1861ರಲ್ಲಿ ತೆರೆದ 7.6 ಮೈಲಿಯ ಖಾಸಗಿ ರಸ್ತೆಗೆ ಹಣ ಕೊಟ್ಟು ಹತ್ತಬೇಕು. ಹೆಚ್ಚಿನ ಕಡೆ ಅಂಚಿಗೆ ತಡೆಗೋಡೆ ಇಲ್ಲ. ಕೆಡುವುದು ಇಳಿಯುವಾಗ. ಬ್ರೇಕ್ ಒತ್ತಿಕೊಂಡೇ ಇಳಿದರೆ ಕಾದು ಹೊಗೆ ಬಂದು ಹಿಡಿತ ತಪ್ಪುತ್ತದೆ. ಆಟೊಮ್ಯಾಟಿಕ್ ಕಾರನ್ನೂ ಮೊದಲ ಗಿಯರಿಗೆ ಹಾಕಿಯೇ ಇಳಿಸಬೇಕು. ನಿಮ್ಮ ಬಾಡಿಗೆ ಕಾರಿನಲ್ಲಿ ಅದನ್ನು ಹಾಕುವುದು ಹೇಗೆಂದು ಕೆಳಗೇ ನೋಡಿಕೊಳ್ಳಿ. ಧೈರ್ಯ ಸಾಲದಿದ್ದರೆ 1869ರಿಂದ ಓಡುತ್ತಿರುವ ಹಲ್ಲುಗಾಲಿ ರೈಲು ಇದೆ. ತುದಿ ಬಹುತೇಕ ಮೋಡದಲ್ಲಿರುತ್ತದೆ, ಹಾಗಾಗಿ ಹವಾಮಾನ ನೋಡಿ ಆ ದಿನವೇ ತೀರ್ಮಾನಿಸಿ.

ಮುಸ್ಸಂಜೆಯ ಮೇಲೆ ಕಾಡು ರಸ್ತೆ ಬೇಡ. ಮೂಸ್ ಎಂಬ ಭಾರಿ ಕಡವೆಗೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗ ಬೆದೆಯ ಕಾಲ, ರಸ್ತೆಗೆ ಬರುತ್ತದೆ. ಕಾಲು ಉದ್ದ, ಮೈ ಕಪ್ಪು. ಹೆಡ್‌ಲೈಟಿನ ಬೆಳಕು ಅದರ ಕಣ್ಣಿಗೆ ಎಟುಕದೆ ಜಿಂಕೆಯ ಕಣ್ಣಿನಂತೆ ಹೊಳೆಯುವುದಿಲ್ಲ. ಗುದ್ದಿದರೆ ಕಾಲು ಮುರಿದು ಇಡೀ ದೇಹ ಗಾಜಿನ ಮೇಲೆ ಬೀಳುತ್ತದೆ.

ಅಪ್ಪನಿಗೆ 74, ಮಂಡಿನೋವು. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಈ ಪ್ರವಾಸ ಸಾಧ್ಯವೇ? (ಬೆಂಗಳೂರು)

ಸಾಧ್ಯ. ಒಂದೊಂದು ಕಡೆ ಎರಡು ರಾತ್ರಿ ತಂಗಿ, ದಿನಾ ಪೆಟ್ಟಿಗೆ ಕಟ್ಟುವ ಕೆಲಸ ತಪ್ಪಿಸಿ. ಅಡುಗೆಮನೆ ಇರುವ ರೂಮು ಹಿಡಿಯಿರಿ. ಫ್ರಾಂಕೋನಿಯಾ ನಾಚ್‌ನಲ್ಲಿರುವ ಫ್ಲೂಮ್ ಗಾರ್ಜ್ ಕಮರಿಯ ಸುತ್ತು ಸುಮಾರು ಎರಡು ಮೈಲಿ, ಮೆಟ್ಟಿಲು ಬಹಳ, ಅಪ್ಪನಿಗೆ ಬೇಡ. ರಾಕಿ ಗಾರ್ಜ್, ನಾರ್ತ್ ಬ್ರಿಜ್, ಬೆನಿಂಗ್ಟನ್ ಗೋಪುರ (ಲಿಫ್ಟ್ ಇದೆ) ಅವರಿಗೆ ಸರಿಹೋಗುತ್ತವೆ. ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ ಹೋಗುವುದರಿಂದ ಒಂದು ದಪ್ಪ ಕೋಟಿಗಿಂತ ಥರ್ಮಲ್, ಸ್ವೆಟರ್, ಗಾಳಿ ತಡೆಯುವ ಜಾಕೆಟ್ ಎಂದು ಮೂರು ಪದರ ಒಳ್ಳೆಯದು. ವೈದ್ಯಕೀಯ ವಿಮೆಯಿಲ್ಲದೆ ಹೊರಡಬೇಡಿ.

ಊಟದಲ್ಲಿ ಹೆಸರು ನಂಬಬೇಡಿ. ಅಲ್ಲಿನ ಬೇಕ್ಡ್ ಬೀನ್ಸಿಗೆ ಸಾಂಪ್ರದಾಯಿಕವಾಗಿ ಹಂದಿಮಾಂಸ ಹಾಕುತ್ತಾರೆ, ಮೆಕ್ಕೆಜೋಳದ ಚೌಡರ್ ಎಂಬ ಗಟ್ಟಿ ಸೂಪಿನಲ್ಲಿ ಬೇಕನ್ (ಅದೂ ಹಂದಿಮಾಂಸವೇ) ಇರುತ್ತದೆ, ಕೆಲವು ಪೈಗಳ ಹೊದಿಕೆಗೆ ಹಂದಿಕೊಬ್ಬು. ಪ್ಯಾನ್‌ಕೇಕ್, ಸೇಬಿನ ಸೈಡರ್ ಡೋನಟ್ ಎರಡರಲ್ಲೂ ಸಾಮಾನ್ಯವಾಗಿ ಮೊಟ್ಟೆ ಇದೆ. ಅಮ್ಮನಿಗೆ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್, ಬೇಯಿಸಿದ ಆಲೂಗಡ್ಡೆ, ಓಟ್‌ಮೀಲ್, ತೋಟದ ಅಂಗಡಿಗಳ ಹೊಸ ಸೇಬು ಆಗುತ್ತವೆ. ಹಳ್ಳಿಯ ಡೈನರುಗಳು ಮಧ್ಯಾಹ್ನ ಎರಡು ಮೂರಕ್ಕೆ ಮುಚ್ಚುತ್ತವೆ, ರಾತ್ರಿ ಎಂಟರ ಮೇಲೆ ಅಡುಗೆಮನೆ ಬಂದ್. ಸಣ್ಣ ರೈಸ್ ಕುಕ್ಕರ್, ಚಟ್ನಿಪುಡಿ, ಅವಲಕ್ಕಿ, ಎಂಟಿಆರ್ ಪೊಟ್ಟಣಗಳು ಜೊತೆಗಿದ್ದರೆ ಚಿಂತೆಯಿಲ್ಲ. ಭಾರತದಿಂದಲೇ ಕುಕ್ಕರ್ ಒಯ್ಯಬೇಡಿ, ಅಲ್ಲಿ ವಿದ್ಯುತ್ 120 ವೋಲ್ಟ್.

ಮ್ಯಾಸಚೂಸೆಟ್ಸಿನ ಸೇಲಂ ನೋಡಲೇಬೇಕೆಂದು ಮಗಳ ಹಟ. (ತುಮಕೂರು)

ಕಾರಿನಲ್ಲಿ ಬೇಡ. 1692ರ ಮಾಟದ ವಿಚಾರಣೆಗಳಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದ ಊರು ಈಗ ಹ್ಯಾಲೋವೀನ್ ನೆಪದಲ್ಲಿ ಅಕ್ಟೋಬರ್ ಪೂರ್ತಿ ಜಾತ್ರೆ. ಬಾಸ್ಟನ್ನಿನ ನಾರ್ತ್ ಸ್ಟೇಷನ್‌ನಿಂದ ಲೋಕಲ್ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ವಾರದ ದಿನ ಹೋಗಿ. ಮಾಟಗಾತಿಯರ ಬೊಂಬೆ ಅಂಗಡಿಗಳಿಗಿಂತ ಪೀಬಾಡಿ ಎಸೆಕ್ಸ್ ಮ್ಯೂಸಿಯಂ ನೋಡಿ. ಪೂರ್ವ ದೇಶಗಳಿಗೆ ವ್ಯಾಪಾರಕ್ಕೆ ಹೋಗುತ್ತಿದ್ದ ಕಪ್ತಾನರ ಸಂಘ 1799ರಲ್ಲಿ ಶುರುಮಾಡಿದ ಸಂಗ್ರಹ ಅದರ ಬೇರು. ಭಾರತದ ಆಧುನಿಕ ಚಿತ್ರಕಲೆಯ ದೊಡ್ಡ ಸಂಗ್ರಹವೂ ಅದರ ಬಳಿ ಇದೆ.

ವಿವೇಕಾನಂದರು ಇದ್ದ ಜಾಗಗಳು ಈ ದಾರಿಯಲ್ಲಿ ಬರುತ್ತವೆಯೇ? (ಪೊನ್ನಂಪೇಟೆ)

ಬಳಸಿದರೆ ಬರುತ್ತವೆ. 1893ರ ಆಗಸ್ಟಿನಲ್ಲಿ, ಶಿಕಾಗೋ ಭಾಷಣಕ್ಕೆ ಮೊದಲು, ಸ್ವಾಮೀಜಿ ಬಾಸ್ಟನ್ನಿನ ನೈಋತ್ಯಕ್ಕಿರುವ ಮೆಟ್ಕಾಫ್‌ನ ತೋಟದ ಮನೆಯಲ್ಲೂ ಸಮುದ್ರದಂಚಿನ ಆನಿಸ್ಕ್ವಾಮ್ ಹಳ್ಳಿಯಲ್ಲೂ ಇದ್ದರು. ಹಾರ್ವರ್ಡಿನ ಪ್ರೊಫೆಸರ್ ರೈಟ್ ಅವರ ಅತಿಥಿಯಾಗಿದ್ದದ್ದು ಆನಿಸ್ಕ್ವಾಮ್‌ನಲ್ಲಿ. 1894ರ ಬೇಸಿಗೆಯಲ್ಲಿ ಮೇನ್ ರಾಜ್ಯದ ಎಲಿಯಟ್ ಊರಿನ ಗ್ರೀನ್ ಏಕರ್‌ನಲ್ಲಿ ಪೈನ್ ಮರದಡಿ ಪಾಠ ಹೇಳಿದರು. ಆನಿಸ್ಕ್ವಾಮ್ ಸೇಲಂ ಕಡೆಗೇ ಇದೆ, ಎಲಿಯಟ್ ಐ–95 ಹೆದ್ದಾರಿಯ ಪಕ್ಕ. ಮೆಟ್ಕಾಫ್‌ಗೆ ಹತ್ತಿರದ ಆಶ್‌ಲ್ಯಾಂಡಿನಲ್ಲಿ ಶ್ರೀ ಲಕ್ಷ್ಮೀ ದೇವಸ್ಥಾನವಿದೆ. ಇನ್ನೊಂದು ನಂಟನ್ನೂ ಹೇಳಬೇಕು. ಬಾಸ್ಟನ್ನಿನ ವ್ಯಾಪಾರಿ ಟ್ಯೂಡರ್ ಈ ಸೀಮೆಯ ಕೊಳಗಳ ಮಂಜುಗಡ್ಡೆ ಕೊಯ್ಯಿಸಿ 1833ರಿಂದ ಹಡಗಿನಲ್ಲಿ ಭಾರತಕ್ಕೆ ಕಳಿಸುತ್ತಿದ್ದರು. ಅದನ್ನು ಕೂಡಿಡಲು ಮದ್ರಾಸಿನಲ್ಲಿ ಕಟ್ಟಿದ ಐಸ್ ಹೌಸಿನಲ್ಲೇ 1897ರಲ್ಲಿ ಸ್ವಾಮೀಜಿ ತಂಗಿದ್ದು.

ಫೋಟೋಗಳಲ್ಲಿ ಕಾಣುವ ವುಡ್‌ಸ್ಟಾಕ್ ಬಳಿಯ ಆ ತೋಟದ ಮನೆಗೆ ದಾರಿ? (ದಾವಣಗೆರೆ)

ಅದು ಖಾಸಗಿ ಮನೆ. ಫೋಟೋಗಾಗಿ ಬಂದವರು ಗೇಟು ಹತ್ತಿ, ಮಣ್ಣು ರಸ್ತೆ ಅಡ್ಡಗಟ್ಟಿ ನಿಂತದ್ದರಿಂದ 2023ರ ಋತುವಿನಲ್ಲಿ ಪಾಂಫ್ರೆಟ್ ಊರಿನವರು ಆ ರಸ್ತೆಯನ್ನೇ ಹೊರಗಿನವರಿಗೆ ಮುಚ್ಚಿದರು. ಹೋಗಬೇಡಿ. ಒಳ್ಳೆಯ ಫೋಟೋಗೆ ಆ ಮನೆ ಬೇಕಿಲ್ಲ. ಮೋಡ ಕವಿದ ದಿನ, ಎಲೆ ಒದ್ದೆಯಾಗಿರುವಾಗ, ಪೋಲರೈಸರ್ ಫಿಲ್ಟರ್ ಹಾಕಿ ತೆಗೆಯಿರಿ. ಎಲೆಯ ಮೇಲಿನ ಬಿಳಿ ಹೊಳಪು ಹೋಗಿ ನಿಜವಾದ ಕೆಂಪು ಬರುತ್ತದೆ. ಬಿಸಿಲಿದ್ದರೆ ಎಲೆಯ ಹಿಂದಿನಿಂದ ಬೆಳಕು ಬರುವಂತೆ ನಿಲ್ಲಿ.

ಮೇಪಲ್ ಸಿರಪ್ ತರಬಹುದೇ? ಯಾವುದು ಒಳ್ಳೆಯದು? (ಶಿರಸಿ)

ಚೆಕ್–ಇನ್ ಪೆಟ್ಟಿಗೆಯಲ್ಲಿ ತರಬಹುದು. 100 ಮಿಲಿಲೀಟರ್ ಮೀರಿದ್ದನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಸುಮಾರು 40 ಗ್ಯಾಲನ್ ರಸ ಕುದಿಸಿದರೆ ಒಂದು ಗ್ಯಾಲನ್ ಸಿರಪ್, ಅದಕ್ಕೇ ದುಬಾರಿ. ರಸ ಇಳಿಸುವುದು ಫೆಬ್ರವರಿಯಿಂದ ಏಪ್ರಿಲ್ ನಡುವೆ, ಅಕ್ಟೋಬರಿನಲ್ಲಿ ಕುದಿಸುವುದನ್ನು ನೋಡಲು ಸಿಗುವುದಿಲ್ಲ. ಗೋಲ್ಡನ್, ಆಂಬರ್, ಡಾರ್ಕ್, ವೆರಿ ಡಾರ್ಕ್ ಎಂದು ನಾಲ್ಕು ಬಣ್ಣದ ದರ್ಜೆ ಇದೆ. ಜೋನಿಬೆಲ್ಲ ತಿಂದು ಬೆಳೆದವರಿಗೆ ಗೋಲ್ಡನ್ ಸಪ್ಪೆ ಎನಿಸುತ್ತದೆ, ಡಾರ್ಕ್ ತನ್ನಿ. ದೋಸೆಗೆ ಅದೇ ಹೊಂದುತ್ತದೆ. ಮುಚ್ಚಳ ತೆಗೆದ ಮೇಲೆ ಫ್ರಿಜ್ಜಿನಲ್ಲಿಡಿ, ಹೊರಗಿಟ್ಟರೆ ಬೂಷ್ಟು ಹಿಡಿಯುತ್ತದೆ.